ಜಲ್ಲಿ ದಾರಿಗೆ ಎರಡು ಸೈಕಲ್

ಮಗನನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾದದ್ದು ಒಂದು ರಾತ್ರಿ ಊಟದ ಹೊತ್ತಿನಲ್ಲಿ. ಎಂಟನೆಯ ಕ್ಲಾಸು ಮುಗಿದ ಮೇಲೆ ಮಂಗಳೂರಿನ ಹಾಸ್ಟೆಲಿಗೆ ಸೇರಿಸಬೇಕು, ಮುಂದೆ ಸೀಟು ಸಿಗಬೇಕಾದರೆ ಅಲ್ಲಿಯೇ ಓದಿರಬೇಕು ಎಂದು ನನ್ನ ಗಂಡ ಹೇಳಿದರು. ಒಮಾನಿನ ಅಲ್ ಖೌದ್‌ನ ನಮ್ಮ ಕಟ್ಟಡದಲ್ಲಿದ್ದ ತುಳುವರ ಮನೆಗಳಲ್ಲೆಲ್ಲ ಹಾಗೆಯೇ ಮಾಡಿದ್ದರು. ನಾನು ಸಾರು ಬಡಿಸುತ್ತಾ ತಲೆಯಾಡಿಸಿದೆ. ಮಗ 'ಓಕೆ' ಎಂದು ಕೈ ತೊಳೆದುಕೊಂಡು ಕೋಣೆಗೆ ಹೋದ. ಅವನಿಗೆ ಹೋಗಲು ಮನಸ್ಸಿದೆಯೇ ಎಂದು ನಾವಿಬ್ಬರೂ ಕೇಳಲಿಲ್ಲ.

ಕೇಳಬೇಕಿತ್ತು ಎಂದು ನನಗೆ ಮರುದಿನದಿಂದಲೇ ಕೊರೆಯತೊಡಗಿತು. ಆದರೆ ಯಾವಾಗ ಕೇಳುವುದು? ಬೆಳಿಗ್ಗೆ ಗಂಡ ರೂವಿಯ ಆಫೀಸಿಗೆ ವ್ಯಾನಿನಲ್ಲಿ ಹೋಗುತ್ತಿದ್ದರು, ಮಗ ಸ್ಕೂಲ್ ಬಸ್ಸಿನಲ್ಲಿ. ಆಮೇಲೆ ಮನೆಯಲ್ಲಿ ಮಾತಾಡಲು ನಾನು ಮತ್ತು ಎಸಿ. ಎಸಿಯಾದರೂ ನಡುನಡುವೆ ಸುಮ್ಮನಾಗುತ್ತಿತ್ತು, ನಾನು ಪಾತ್ರೆಗಳ ಹತ್ತಿರ, ಗೋಡೆಯ ಹತ್ತಿರ ತುಳುವಿನಲ್ಲಿ ಮಾತಾಡುತ್ತಲೇ ಇರುತ್ತಿದ್ದೆ. ಮಧ್ಯಾಹ್ನ ಮಗ ಬಂದರೆ ನಾನು ಕೇಳಿದ ಹತ್ತು ಪ್ರಶ್ನೆಗೆ ಇಂಗ್ಲಿಷಿನಲ್ಲಿ ಒಂದು ಉತ್ತರ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದ. ಹದಿಮೂರರ ಹುಡುಗನ ಬಾಗಿಲನ್ನು ತಟ್ಟಿ ತೆರೆಸಬಹುದು, ಬಾಯಿಯನ್ನು ಹಾಗೆ ತೆರೆಸಲಾಗುವುದಿಲ್ಲ.

ಅವನು ತಾನಾಗಿ ಮಾತಾಡಿದ್ದು ಒಂದೇ ವಿಷಯ, ಸೈಕಲ್. ಆ ವರ್ಷ ರಜೆಗೆ ಊರಿಗೆ ಹೋದಾಗ ಉಡುಪಿಯ ಹತ್ತಿರ ಹೊಸ ರೈಲುದಾರಿಗೆ ಮಣ್ಣು ಏರಿಸಿ ಜಲ್ಲಿ ಹಾಸಿದ್ದರು. ಹಳಿ ಇನ್ನೂ ಬಂದಿರಲಿಲ್ಲ. ಇವನು ನನ್ನ ತಮ್ಮನ ಸೈಕಲ್ ಹಿಡಿದು ದಿನವಿಡೀ ಆ ದಿಬ್ಬದ ಮೇಲೆಯೇ ಬಿದ್ದುಕೊಂಡಿದ್ದ. ಮೊಣಕಾಲಿನ ಚರ್ಮವೆಲ್ಲ ಅಲ್ಲಿ ಬಿಟ್ಟು ಬಂದ. ಒಂದು ಸಂಜೆ ಪಕ್ಕದ ಮನೆಯವರ ಸೈಕಲ್ ಕೇಳಿ ತಂದು ನಾನೂ ಹತ್ತಿದೆ. ಮದುವೆಗೆ ಮೊದಲು ನಾನು ಕಾಲೇಜಿಗೆ ಸೈಕಲಿನಲ್ಲೇ ಹೋಗುತ್ತಿದ್ದವಳು. ನಾವಿಬ್ಬರೂ ಪಕ್ಕಪಕ್ಕದಲ್ಲಿ ಹೋಗುತ್ತಿದ್ದಾಗ ಅವನು ಸ್ಕೂಲಿನ ಬಗ್ಗೆ, ಗೆಳೆಯರ ಬಗ್ಗೆ, ಯಾವುದೋ ಕನಸಿನ ಬಗ್ಗೆ ಹೇಳುತ್ತಲೇ ಹೋದ. ಮುಖ ನೋಡಿಕೊಂಡು ಕೂರುವ ತಾಪತ್ರಯ ಇಲ್ಲದಿದ್ದರೆ ಈ ವಯಸ್ಸಿನವರಿಗೆ ಮಾತು ಬರುತ್ತದೆ ಎಂದು ನನಗೆ ಆವತ್ತು ತಿಳಿಯಿತು.

ಒಮಾನಿನಲ್ಲಿ ರೈಲೇ ಇಲ್ಲ. ಆದರೆ ಅಲ್ ಖೌದ್‌ನ ಹೊರಗೆ, ಇಲ್ಲಿಯವರು ವಾದಿ ಎನ್ನುವ ನೀರಿಲ್ಲದ ಹೊಳೆಯ ಬದಿಯಲ್ಲಿ, ಕೊಳವೆ ಹಾಕಲೆಂದು ಮಾಡಿದ ಒಂದು ದಾರಿಯಿತ್ತು. ಕೆಲಸ ಮುಗಿಸಿ ಕಂಪನಿಯವರು ಹೋದ ಮೇಲೆ ದಾರಿ ಮಾತ್ರ ಉಳಿದಿತ್ತು. ಉದ್ದಕ್ಕೆ ಜಲ್ಲಿ, ಏರಿಳಿತವಿಲ್ಲ, ಥೇಟ್ ನಮ್ಮೂರಿನ ಹಳಿಯಿಲ್ಲದ ರೈಲುದಾರಿ. ಕೊನೆಯಲ್ಲಿ ಒಂದು ಘಾಫ್ ಮರ. ಅದನ್ನು ನೋಡಿದ ದಿನವೇ ನಾನು ನಿಶ್ಚಯಿಸಿದೆ, ಇವನಿಗೊಂದು ಸೈಕಲ್ ಕೊಡಿಸಬೇಕು, ಚಳಿಗಾಲ ಮುಗಿಯುವುದರೊಳಗೆ ಈ ದಾರಿಯಲ್ಲಿ ಇವನ ಪಕ್ಕದಲ್ಲಿ ಹೋಗುತ್ತಾ ಆ ಒಂದು ಪ್ರಶ್ನೆ ಕೇಳಬೇಕು. ಮನಸ್ಸಿಲ್ಲ ಎಂದು ಅವನ ಬಾಯಿಂದ ಬಂದರೆ ಗಂಡನ ಹತ್ತಿರ ಜಗಳವಾಡುವ ಧೈರ್ಯ ನನಗಿತ್ತು.

ನನಗೊಂದು ಸೈಕಲ್ ಆಗಲೇ ಇತ್ತು. ಕೆಳಗಿನ ಮನೆಯವರು ಇಲ್ಲಿಯ ಕೆಲಸ ಖಲಾಸ್ ಎಂದು ಊರಿಗೆ ಹೊರಟಾಗ ಬಿಟ್ಟುಹೋದ ಹೆಂಗಸರ ಸೈಕಲ್, ಸಪೂರ ಟಯರಿನದು. ಅದರ ಟಯರಿನ ಬದಿಯಲ್ಲಿದ್ದ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಮಗನ ಜೊತೆ ರೂವಿಗೆ ಹೋದೆ. ಸೈಕಲ್ ಅಂಗಡಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ.

ಮಗನ ಕಣ್ಣು ಮೊದಲು ಬಿದ್ದದ್ದು ಟಗರಿನ ಕೊಂಬಿನಂಥ ಹ್ಯಾಂಡಲಿನ ರೇಸ್ ಸೈಕಲಿನ ಮೇಲೆ. ಅಂಗಡಿಯವರು ನಕ್ಕರು.

"ಅದು ಡಾಮರಿಗೆ ಅಕ್ಕ. ನೀವು ಜಲ್ಲಿಯಲ್ಲಿ ಬಿಡ್ಲಿಕ್ಕೆ ಅಂತ ಹೇಳಿದ್ರಲ್ಲ? ಅದರಲ್ಲಿ ಹೋದ್ರೆ ಹುಡುಗನ ಹಲ್ಲೆಲ್ಲ ವಾದಿಯಲ್ಲಿ ಹೆಕ್ಕಬೇಕಾದೀತು."

ಮತ್ತೆ ಅವರು ಗಿಯರಿನ, ಅಗಲ ಟಯರಿನ ಒಂದು ಸೈಕಲನ್ನು ಮುಂದೆ ತಂದರು. ಟಯರಿನ ತುಂಬ ಹಲಸಿನ ಸಿಪ್ಪೆಯಂತೆ ಗಂಟು. ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. "ಇಷ್ಟು ಮೆತ್ತಗೆ ಇರ್ಬೇಕು. ಗಾಳಿ ಗಟ್ಟಿ ಹಾಕಿದ್ರೆ ಕಲ್ಲಿನ ಮೇಲೆ ಹಾರಿ ಬಿಸಾಡ್ತದೆ." ಆಮೇಲೆ ನನ್ನ ಚೀಟಿ ನೋಡಿದರು. "ನಿಮ್ಮದು ಇದಾ? ಇದರಲ್ಲಿ ನೀವು ಎಂತ ಹೋಗುದು? ಇದಕ್ಕೆ ಸ್ವಲ್ಪ ಅಗಲದ್ದು ಕೂತ್ಕೊಳ್ತದೆ, ಹಾಕಿ. ಒಟ್ಟಿಗೆ ಹೋಗುವವರು ಅಂತಾದ್ರೆ ಇಬ್ಬರಿಗೂ ಒಂದೇ ನಮೂನೆ ಟಯರ್ ಬೇಕು."

"ನನಗೆ ಎಂತಕ್ಕೆ?" ಎಂದೆ. "ನಾನು ಹೇಗೋ ಹಿಂದಿನಿಂದ ಬರ್ತೇನೆ."

ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಪಕ್ಕದಲ್ಲಿ ಹೋಗಬೇಕೆಂದೇ ಸೈಕಲ್ ಕೊಳ್ಳಲು ಬಂದವಳು ನಾನು! ಆದರೆ ಹರಿದ ಮೊದಲ ದೋಸೆ ತನಗೆ, ಗರಿಗರಿಯಾದದ್ದು ಮಕ್ಕಳಿಗೆ ಎಂಬ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ, ಬುದ್ಧಿ ಏಳುವ ಮೊದಲೇ ಅದು ಮಾತಾಡಿಬಿಡುತ್ತದೆ. ನನ್ನ ತಾಯಿಯೂ ಹೀಗೆಯೇ ಮಾಡುತ್ತಿದ್ದಳು. ಅಂಗಡಿಯವರು ಮತ್ತೆ ಒತ್ತಾಯಿಸಲಿಲ್ಲ.

ಶುಕ್ರವಾರ ಗಂಡ ತಡವಾಗಿ ಏಳುತ್ತಿದ್ದರು. ನಾವಿಬ್ಬರೂ ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದೆವು. ನಾನು ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹತ್ತುತ್ತಿದ್ದೆ. ಕುರಿ ಕಾಯುವ ಮುದುಕನೊಬ್ಬ ಮೊದಲ ವಾರ ನನ್ನನ್ನು ನೋಡಿ ಬಾಯಿ ತೆರೆದು ನಿಂತ, ಎರಡನೆಯ ವಾರ ಕೈ ಎತ್ತಿದ. ಮಗನ ಸೈಕಲ್ ಜಲ್ಲಿಯ ಮೇಲೆ ಚಾಪೆಯ ಮೇಲೆ ಹೋದಂತೆ ಹೋಗುತ್ತಿತ್ತು. ನನ್ನದು ಎಡಕ್ಕೆ ತಿರುಗಿಸಿದರೆ ಬಲಕ್ಕೆ ಜಾರುತ್ತಿತ್ತು. ಮೊದಮೊದಲು ಅವನು ನೂರು ಮಾರಿಗೊಮ್ಮೆ ನಿಂತು ಕಾಯುತ್ತಿದ್ದ. ಆಮೇಲೆ ತಿರುಗಿ ಬಂದು ನನ್ನನ್ನು ಒಂದು ಸುತ್ತು ಹಾಕಿ ಮತ್ತೆ ಮುಂದೆ ಹೋಗುತ್ತಿದ್ದ. ಆಮೇಲಾಮೇಲೆ ಘಾಫ್ ಮರದ ಹತ್ತಿರವೇ ಸಿಗುತ್ತಿದ್ದ, ನಾನು ತಲುಪಿ ಏದುಸಿರು ಬಿಡುವಷ್ಟರಲ್ಲಿ ಹೊರಟು ನಿಲ್ಲುತ್ತಿದ್ದ. ಪ್ರಶ್ನೆ ನನ್ನ ಗಂಟಲಲ್ಲೇ ಉಳಿಯುತ್ತಿತ್ತು. ಟಯರ್ ಬದಲಿಸಬಹುದಿತ್ತು. ಅಂಗಡಿಯವರ ಮುಂದೆ ಸೋತ ಹಾಗಾಗುತ್ತದೆ ಎಂದು ಹೋಗಲಿಲ್ಲ. ಪ್ರತಿ ಶುಕ್ರವಾರ ಅವನ ಬೆನ್ನನ್ನೇ ನೋಡುತ್ತಾ ಹೋಗುವಾಗ, ಖಾಲಿ ಮನೆಯಲ್ಲಿ ಇರುವುದಕ್ಕಿಂತ ಹೆಚ್ಚು ಒಂಟಿ ಅನ್ನಿಸುತ್ತಿತ್ತು.

ಮಾರ್ಚಿನ ಕೊನೆಯ ಶುಕ್ರವಾರ, ಅರ್ಧ ದಾರಿಯಲ್ಲಿ, ಚೂಪು ಕಲ್ಲೊಂದು ನನ್ನ ಮುಂದಿನ ಟಯರಿಗೆ ಹೊಕ್ಕಿತು. ಗಾಳಿ ಬುಸ್ಸೆಂದು ಹೋಯಿತು. ಮಗ ಹೆಚ್ಚು ದೂರ ಹೋಗಿರಲಿಲ್ಲ, ಕೂಗಿದ್ದರೆ ಕೇಳುತ್ತಿತ್ತು. ಕೂಗಲು ಬಾಯಿಯನ್ನೂ ತೆರೆದೆ. ಆಗ ಒಂದು ಕೆಟ್ಟ ಹಠ ಬಂತು. ಎಷ್ಟು ದೂರ ಹೋದ ಮೇಲೆ ಹಿಂತಿರುಗಿ ನೋಡುತ್ತಾನೋ ನೋಡೋಣ ಎಂದುಕೊಂಡೆ. ಅವನು ನೋಡಲಿಲ್ಲ. ಸಣ್ಣದಾಗುತ್ತಾ ಹೋಗಿ ತಿರುವಿನಲ್ಲಿ ಮರೆಯಾದ. ನಾನು ದಾರಿಯ ಬದಿಯ ಕಲ್ಲಿನ ಮೇಲೆ ಕೂತೆ. ಬಿಸಿಲೇರಿತು. ಅಳು ಬಂತು, ಯಾರೂ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತೆ.

ಸುಮಾರು ಒಂದು ಗಂಟೆಯ ಮೇಲೆ ಅವನು ಬಂದ. ಎದ್ದೂ ಬಿದ್ದೂ ತುಳಿಯುತ್ತಾ ಬಂದು ಸೈಕಲನ್ನು ಜಲ್ಲಿಯ ಮೇಲೆ ಎಸೆದ. ಮುಖ ಕೆಂಪಾಗಿತ್ತು.

"ಕರೀಲಿಕ್ಕೆ ಆಗ್ತಿರ್ಲಿಲ್ವಾ?" ಎಂದು ತುಳುವಿನಲ್ಲಿ ಕಿರುಚಿದ. "ಅಲ್ಲಿ ಮರದ ಹತ್ರ ಕಾದು ಕಾದು... ನೀನು ಬೇರೆ ದಾರಿಯಿಂದ ಮನೆಗೆ ಹೋದಿ ಅಂತ ಮಾಡಿದೆ. ಮತ್ತೆ ವಾದಿಗೆ ಇಳಿದು ಹುಡುಕಿದೆ."

"ಕಾಯ್ತಾ ಇದ್ದಿಯಾ?"

"ನಿನ್ನ ಹತ್ರ ಒಂದು ಹೇಳ್ಲಿಕ್ಕೆ ಇತ್ತು. ಅಲ್ಲಿ ಹೇಳುವ ಅಂತ ಇದ್ದೆ."

"ಎಂತದು?"

ಅವನು ನನ್ನ ಮುಖ ನೋಡಿದ. ಅತ್ತದ್ದು ಗೊತ್ತಾಗುವಂತಿತ್ತೇನೋ. ನನ್ನ ಸೈಕಲನ್ನು ಎತ್ತಿ ನಿಲ್ಲಿಸಿ ಚಪ್ಪಟೆಯಾದ ಟಯರನ್ನು ಒತ್ತಿ ನೋಡಿದ. "ನಥಿಂಗ್" ಎಂದ.

ಅದನ್ನು ತಾನೇ ದೂಡಿಕೊಂಡು ಮನೆಯವರೆಗೂ ನಡೆದ. ನಾನು ಅವನದನ್ನು ದೂಡಿದೆ. ಆವತ್ತು ಮಾತ್ರ ನಾವು ಇಡೀ ದಾರಿ ಪಕ್ಕಪಕ್ಕದಲ್ಲೇ ಬಂದೆವು. ಅವನು ಏನು ಹೇಳಲಿದ್ದ ಎಂದು ನನಗೆ ಗೊತ್ತಿತ್ತು, ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ. ಮತ್ತೊಮ್ಮೆ ಕೇಳಿದ್ದರೆ ಹೇಳಿಯೂ ಬಿಡುತ್ತಿದ್ದ. ಟಿಕೆಟು ಬಂದಾಗಿತ್ತು, ಟ್ರಂಕು ತುಂಬಿಯಾಗಿತ್ತು, ಕೇಳಿದರೆ ಕಳಿಸಲು ನನ್ನಿಂದ ಆಗುತ್ತಿರಲಿಲ್ಲ. ಚಳಿಗಾಲವಿಡೀ ಕೇಳಲು ಅವನ ಹಿಂದೆ ಬಿದ್ದವಳು, ಅವನು ಪಕ್ಕದಲ್ಲಿ ಬಂದ ದಿನ ಬಾಯಿ ಮುಚ್ಚಿಕೊಂಡು ನಡೆದೆ.