ನನ್ನನ್ನು ಹೊತ್ತು ತಂದವನ ಮನೆಯಲ್ಲಿ

ಕುಣಿಗಲ್ ಕಡೆಯ ನಾನು, ನಿಟ್ಟೂರಿನ ಅವನು, ತೊಂಬತ್ತರ ದಶಕದಲ್ಲಿ ಸೇನೆಯ ಒಂದೇ ತುಕಡಿಯಲ್ಲಿದ್ದೆವು. ಉತ್ತರದ ಚಳಿ ಊರಿನ ಮರದ ಬ್ಯಾರಕ್ಕಿನಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ.

ರಾತ್ರಿ ಪಹರೆ ಮುಗಿಸಿದ್ದ ನಾನು ಒಂದು ಮಧ್ಯಾಹ್ನ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದೆ. ಮೂಲೆಯ ಸೀಮೆಎಣ್ಣೆ ಒಲೆ ಉರುಳಿ ಬೆಂಕಿ ಹತ್ತಿತು. ಎಲ್ಲರೂ ಹೊರಗೋಡಿದರು. ಬಯಲಿನಲ್ಲಿ ತಲೆ ಎಣಿಸಿದರೆ ಒಂದು ಕಡಿಮೆ. ಸ್ನಾನದಿಂದ ಓಡಿ ಬಂದ ಅವನು, ಉಟ್ಟ ಟವೆಲ್ಲಿನಲ್ಲೇ, ತಡೆದವರ ಕೈ ಕೊಡವಿ ಒಳಗೆ ನುಗ್ಗಿದನಂತೆ.

ಯಾರೋ ಕಾಲು ಹಿಡಿದೆಳೆದದ್ದಷ್ಟೇ ನನಗೆ ಗೊತ್ತು. "ಇವತ್ತು ನಂಗೆ ರೆಸ್ಟು ಕಣೋ, ಬುಡ್ಲಾ!" ಎಂದು ಜಾಡಿಸಿ ಒದ್ದೆ.

"ಬ್ಯಾರಕ್ಕೇ ಉರೀತಾ ಐತೆ, ಏಳ್ಲಾ!" ಎಂದು ಅವನು ಕೂಗಿದ್ದು ಹತ್ತಿ ತುರುಕಿದ ಕಿವಿಗೆ ಬೀಳಲೇ ಇಲ್ಲ. ಅವನು ತನ್ನ ಕಂಬಳಿಯಲ್ಲಿ ನನ್ನನ್ನು ಹುಲ್ಲಿನ ಹೊರೆಯಂತೆ ಸುತ್ತಿ ಹೆಗಲಿಗೇರಿಸಿದ. ಬಾಗಿಲಿಗೆ ಅಡ್ಡಬಿದ್ದ ಉರಿಯುವ ಹಲಗೆಯನ್ನು ಎಡಗೈಯಿಂದ ತಳ್ಳಿ ಹೊರಬಂದ. ಅಲ್ಲಿಯವರೆಗೂ ನಾನು ಕಂಬಳಿಯೊಳಗಿಂದಲೇ ಅವನನ್ನು ಗುದ್ದುತ್ತಿದ್ದೆ.

ಬಯಲಿನಲ್ಲಿ ಕಂಬಳಿ ಬಿಚ್ಚಿ ಕಣ್ಣು ಬಿಟ್ಟರೆ, ಅತ್ತ ನನ್ನ ಮಂಚದ ಮೇಲೆ ಚಾವಣಿ ಕುಸಿಯುತ್ತಿತ್ತು. ಬೊಬ್ಬೆಯೆದ್ದ ಅವನ ಕೈ ನೋಡಿ ಅತ್ತುಬಿಟ್ಟೆ.

"ಅಳೋದು ಆಮೇಲೆ. ಮೊದ್ಲು ಯಾರ್ದಾದ್ರೂ ಪ್ಯಾಂಟ್ ಈಸ್ಕೊಡು, ಸಾಹೇಬ್ರು ಬರ್ತಾವ್ರೆ" ಎಂದ.

ರಜೆಯಲ್ಲಿ ನಾನು ನಿಟ್ಟೂರಿಗೆ ಹೋದೆ. ಅವನು ಮನೆಗೆ ಒಂದಕ್ಷರವೂ ಬರೆದಿರಲಿಲ್ಲ. ನಾನೇ ಎಲ್ಲ ಹೇಳಿದೆ, ಸಾಹೇಬರು ಅವನಿಗೆ ಶಭಾಷ್ ಎಂದದ್ದನ್ನೂ. ಅವನ ತಾಯಿ ರಾಗಿ ಕೇರುತ್ತಲೇ ಕೇಳಿಸಿಕೊಂಡರು.

"ನಾನ್ ಕೊಟ್ಟಿದ್ದ ಹೊಸಾ ಕಂಬಳಿ ಸುಟ್ಟೋಯ್ತಾ?"

"ಅಂಚು ಮಾತ್ರ ಕಣವ್ವ. ಅವನ ಕೈ..."

ಮೊರ ನಿಂತಿತು. "ಯಾವ್ ಕೈ?"

"ಎಡಗೈ."

"ಸದ್ಯ. ಮುದ್ದೆ ಮುರಿಯಾಕೆ ತೊಂದ್ರೆ ಇಲ್ಲ ಬುಡು." ಆದರೆ ಆಮೇಲೆ ಅವರು ಕೇರಿದ ರಾಗಿಯೆಲ್ಲ ನೆಲಕ್ಕೇ ಬೀಳುತ್ತಿತ್ತು.

ಊಟಕ್ಕೆ ಕೂರಿಸಿ ಎರಡನೆಯ ಮುದ್ದೆ ಬಡಿಸಿದರು. ಸಾಕೆಂದದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಕಡ್ಡೀನ ಹೊತ್ಕಂಡ್ ಬಂದಿದ್ಕಾ ನನ್ ಮಗಂಗೆ ಶಭಾಷ್ ಅಂದಿದ್ದು? ಉಣ್ಣಪ್ಪ. ಇನ್ನೊಂದ್ಸಲ ಹೊತ್ರೆ ಹೆಸ್ರಾದ್ರೂ ಬರ್ಲಿ" ಎನ್ನುತ್ತ ಮೂರನೆಯದನ್ನೂ ಇಟ್ಟರು.

ಹೊರಡುವಾಗ, ಮಗನ ಗಾಯಕ್ಕೆಂದು ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ ಕೊಟ್ಟರು. ನಾನು ಅದನ್ನು ತಲುಪಿಸುವ ಹೊತ್ತಿಗೆ ಗಾಯ ಪೂರ್ತಿ ಮಾಗಿತ್ತು.

"ಇನ್ಯಾಕ್ಲಾ ಇದು?" ಎಂದೆ.

ಅವನು ಬಾಟಲಿ ಮುಗಿಯುವವರೆಗೂ ದಿನಾ ಹಚ್ಚಿಕೊಂಡ.