ಜಲ್ಲಿನೋ ಜೇಡಿನೋ

ಬೆಂಕಿಕಡ್ಡಿ ಗೀರುವ ಸದ್ದಿಗೆ ಈಗಲೂ ನಾನು ಮೊದಲು ಗಾಳಿ ಮೂಸಿ ನೋಡುತ್ತೇನೆ. ಪರದೇಶದ ಲಾಸ್ ಆಲ್ಟೋಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಯಜಮಾನರು ನೆನಪಾಗುತ್ತಾರೆ.

ಮಂಡ್ಯದ ಕಡೆಯವರು; ಪ್ರತಿ ಶನಿವಾರ ನಮಗೆಲ್ಲ ವೈನಿನ ಪಾಠ ಹೇಳುತ್ತಿದ್ದರು. ಮೇಜಿನ ನಡುವೆ ನೀಲಿ ಟವೆಲು ಹಾಸಿ, ಅದೇ ಫ್ರಾನ್ಸಿನ ಬೋರ್ಡೋ ಸೀಮೆಯ ನದಿ ಎನ್ನುವರು. ಎಡದಂಡೆಯ ದ್ರಾಕ್ಷಿತೋಟಗಳ ನೆಲವೆಂದು ಒಂದು ಹಿಡಿ ಜಲ್ಲಿ, ಬಲದಂಡೆಯದೆಂದು ಜೇಡಿಮಣ್ಣಿನ ಉಂಡೆ.

"ಅಲ್ಲಿ ಎಸ್ಟೇಟುಗಳಿಗೆ ಐದು ದರ್ಜೆ ಮಾಡಿದಾರೆ ಕಣ್ರೀ. ದರ್ಜೆ ಕಾಗದಕ್ಕೆ. ಮೂಗಿಗೆ ಮಣ್ಣೇ ಸಾಕು."

ಯಾವ ವೈನೆಂದು ತಮಗೂ ತಿಳಿಯದಂತೆ ಬಾಟಲಿಗೆ ಹೆಂಡತಿಯಿಂದ ಬಟ್ಟೆ ಸುತ್ತಿಸುವರು. ಗ್ಲಾಸಿಗೆ ಬಗ್ಗಿಸಿ, ತಾವು ಮೂಸಿ, ಒಂದು ಕಣ್ಣು ಮುಚ್ಚಿ ನಮ್ಮನ್ನು ಕೇಳುವರು: "ಜಲ್ಲಿನೋ ಜೇಡಿನೋ?"

ಒಂದು ಶನಿವಾರ ನಾನೊಬ್ಬನೇ ಮುಂಚೆ ಹೋದೆ. ಬಾಗಿಲು ತಳ್ಳಿದ ಕೂಡಲೇ ಗ್ಯಾಸಿನ ನಾತ ಮುಖಕ್ಕೆ ಬಡಿಯಿತು. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಅವರು ಒಲೆಗೆ ಬೆನ್ನು ಹಾಕಿ ನಿಂತಿದ್ದರು. ವೈನು ಬಗ್ಗಿಸುವಾಗ ಗಸಿ ಕಾಣಲೆಂದು ಬಾಟಲಿಯ ಕತ್ತಿನ ಕೆಳಗೆ ಇಡುವ ಮೇಣದಬತ್ತಿಗೆ ಕಡ್ಡಿ ಗೀರಲು ಹೊರಟಿದ್ದರು.

"ಬೇಡ ಸರ್! ಗ್ಯಾಸು!" ಓಡಿಹೋಗಿ ಕೈ ಹಿಡಿದುಕೊಂಡೆ.

"ಎಲ್ಲಿ?" ಎಂದರು. ಮೂಗರಳಿಸಿ ಉಸಿರೆಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಒಲೆಯ ತಿರುಪು ಮುಚ್ಚಿ, ಹಿಂಬಾಗಿಲು ತೆರೆದು ಅವರನ್ನು ಹಿತ್ತಲಿಗೆ ಕರೆತಂದೆ. ರುಚಿ ನೋಡಲು ಆಗಲೇ ಬಗ್ಗಿಸಿಟ್ಟಿದ್ದ ಗ್ಲಾಸನ್ನು ಅವರು ಮೇಜಿನಿಂದ ಎತ್ತಿಕೊಂಡು ತಂದಿದ್ದರು. ಅದರೊಳಗೆ ಮೂಗಿಳಿಸಿ ತುಂಬ ಹೊತ್ತು ನಿಂತರು. ಆಮೇಲೆ ನನ್ನತ್ತ ಚಾಚಿದರು. ಈ ಸಲ ಎರಡು ಕಣ್ಣೂ ತೆರೆದಿದ್ದವು.

"ಜಲ್ಲಿನೋ ಜೇಡಿನೋ? ನೀವೇ ಹೇಳ್ರೀ."