ಅಂಗಾಲಿನ ಅರಿಷಿಣ

ಉಣಕಲ್ಲಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಕಾಕು ಎಲ್ಲಿ ಕೂತರೂ ಮೊದಲು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಳ್ಳುತ್ತಿದ್ದರು. ಅವರ ಎಡ ಅಂಗಾಲಿನಲ್ಲಿ ಹುಣಸೆಬೀಜದಷ್ಟು ಕಪ್ಪು ಮಚ್ಚೆಯಿತ್ತು. ಕಣ್ಣಿಗೆ ಬಿದ್ದವರು ಕೇಳುವ ಮೊದಲೇ, "ಹುಟ್ಟಿದಾಗಿಂದ ಐತ್ರಿ ಅದು" ಎನ್ನುತ್ತಿದ್ದರು.

ಅವರ ತಾಯಿಗೂ ಅಕ್ಕನಿಗೂ ಇಂಥದೇ ಮಚ್ಚೆ ಹುಣ್ಣಾಗಿತ್ತು. ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿ ಇಬ್ಬರೂ ತೀರಿಕೊಂಡರು. ಮನೆಯವರೆಲ್ಲ ವರ್ಷಕ್ಕೊಮ್ಮೆ ಮೈ ತೋರಿಸಿಕೊಳ್ಳಬೇಕೆಂದು ಡಾಕ್ಟರು ಅಕ್ಕನ ಹಾಸಿಗೆಯ ಪಕ್ಕದಲ್ಲೇ ಹೇಳಿದ್ದರು. ಹೋಗೋಣವೆಂದು ನಾನು ಎಷ್ಟೋ ಸಲ ಕರೆದೆ. ಕಾಕು ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಿದ್ದರು. "ದವಾಖಾನಿಗೆ ಹೋದದ್ದು ಗೊತ್ತಾದ್ರ ನನ್ನ ಮಗಳನ್ನ ಯಾರು ಮಾಡ್ಕೋತಾರ್ರಿ? ಅಕಿ ಲಗ್ನ ಒಂದು ಆಗ್ಲಿ."

ಲಗ್ನ ಗೊತ್ತಾಯಿತು. ಅರಿಷಿಣ ಹಚ್ಚುವ ದಿನ ಬೀಗರ ಹೆಂಗಸರು ಸುತ್ತ ಕೂತಿದ್ದರು. ಕಾಕು ಮಗಳ ಮುಖ, ಕೈಗಳನ್ನು ಅವರಿಗೆ ಬಿಟ್ಟರು. ಪಾದ ಮಾತ್ರ ಯಾರಿಗೂ ಕೊಡಲಿಲ್ಲ. ತಮ್ಮ ತೊಡೆಯ ಮೇಲಿಟ್ಟುಕೊಂಡು ತಾವೇ ಹಚ್ಚತೊಡಗಿದರು. ಅಂಗಾಲಿಗೆ ಬಂದಾಗ ಬೆರಳು ಒಮ್ಮೆಲೇ ನಿಂತಿತು. ಪಕ್ಕದಲ್ಲಿದ್ದ ನನಗೂ ಕಂಡಿತು, ಎಳ್ಳಿನಷ್ಟು ಕಪ್ಪು. ಕಾಕು ಅದರ ಮೇಲೆ ಅರಿಷಿಣ ಮೆತ್ತಿದರು, ಮತ್ತೆ ಮೆತ್ತಿದರು. ಬೀಗತಿ ಬಗ್ಗಿ ನೋಡಿದರು.

"ಹುಟ್ಟಿದಾಗಿಂದ ಐತ್ರಿ ಅದು" ಎಂದರು ಕಾಕು.

ಮಗಳು ನಕ್ಕಳು. "ಇಲ್ಲಬೇ ಅವ್ವಾ, ಮೊನ್ನಿ ದೀಪಾವಳ್ಯಾಗ ಬಂದೈತಿ."